ಸಂದರ್ಶನದ ಇಂಗ್ಲಿಷು, ವಾರ್ಡಿನ ಕನ್ನಡ

“ಸಾರ್, ಸಂಘದ ಪತ್ರಿಕೆಗೆ ನಿಮ್ಮದೊಂದು ಲೇಖನ ಬೇಕು. ಆದ್ರೆ ದಯವಿಟ್ಟು ಕುವೆಂಪು ಕಾವ್ಯದಲ್ಲಿ ಪ್ರಕೃತಿ ಬೇಡ. ಅದು ಈ ಸಲ ಆಗ್ಲೇ ಮೂರು ಬಂದಿದೆ” ಎಂದು ಸಂಪಾದಕ ಮಿತ್ರರು ಹೇಳಿಬಿಟ್ಟರು. ಹೀಗಾಗಿ ನನಗೆ ಗೊತ್ತಿರುವ ಇನ್ನೊಂದೇ ವಿಷಯವನ್ನು, ಅಂದರೆ ನನ್ನ ಹೊಟ್ಟೆಪಾಡಿನ ವಿಷಯವನ್ನು, ಬರೆಯಲು ಕುಳಿತಿದ್ದೇನೆ. ಈ ಸಂಘದ ಹಳೆಯ ಸದಸ್ಯರಿಗೆ ನಾನು ಕನ್ನಡ ಎಂ.ಎ. ಮಾಡಿದವನೆಂದು ಗೊತ್ತು. ಮಾಡುತ್ತಿರುವ ಕೆಲಸ ಏನೆಂದು ಗೊತ್ತಿರಲಾರದು. ಉತ್ತರ ಚೆನ್ನೈಯ ಒಂದು ವೃತ್ತಿ ತರಬೇತಿ ಕೇಂದ್ರದಲ್ಲಿ ಹುಡುಗ ಹುಡುಗಿಯರಿಗೆ ‘ಕಮ್ಯುನಿಕೇಷನ್ ಸ್ಕಿಲ್ಸ್’ ಎಂಬುದನ್ನು ಕಲಿಸುತ್ತೇನೆ. ಎಲೆಕ್ಟ್ರಿಷಿಯನ್ ಆಗುವವರು, ಹೋಟೆಲ್ ಕೆಲಸಕ್ಕೆ ಹೋಗುವವರು, ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಸಹಾಯಕರಾಗುವವರು, ಹೀಗೆ ಮೂರು ಬಗೆಯ ಮಕ್ಕಳು. ಹತ್ತನೆಯ ಕ್ಲಾಸೋ ಹನ್ನೆರಡನೆಯ ಕ್ಲಾಸೋ ಮುಗಿಸಿ ಬಂದವರು. ಹೆಚ್ಚಿನವರದು ತಮಿಳು. ಪ್ರತಿ ತಂಡದಲ್ಲೂ ನಾಲ್ಕೈದು ಜನ ಕನ್ನಡದವರು ಸಿಗುತ್ತಾರೆ: ಹೊಸೂರಿನ ಕಡೆಯವರು, ತಾಳವಾಡಿಯವರು, ಚಿಕ್ಕಪ್ಪನೋ ಮಾವನೋ ಇಲ್ಲಿ ಹೋಟೆಲಿನಲ್ಲಿರುವ ಕುಂದಾಪುರದ ಹುಡುಗರು.

ಈ ವಿಷಯಕ್ಕೆ ಕನ್ನಡದಲ್ಲಿ ‘ಸಂವಹನ ಕೌಶಲ’ ಎಂಬ ಹೆಸರಿದೆ. ಪಠ್ಯಪುಸ್ತಕದ ಹೊರಗೆ ಈ ಮಾತನ್ನು ಯಾರೂ ಆಡಿದ್ದನ್ನು ನಾನು ಕೇಳಿಲ್ಲ. ಆದರೂ ‘ವಹನ’ ಎಂದರೆ ಹೊತ್ತು ಸಾಗಿಸುವುದು ತಾನೆ, ಆ ಅರ್ಥ ನನಗೆ ಹಿಡಿಸುತ್ತದೆ. ಹೊತ್ತ ಸಾಮಾನು ಆ ಕಡೆ ತಲುಪಿತೋ ಇಲ್ಲವೋ ಎಂಬುದೇ ಅಲ್ಲಿ ಮುಖ್ಯ. ನಾನು ಮೊದಲ ಎರಡು ವರ್ಷ ಕಲಿಸಿದ್ದು ಸಾಮಾನನ್ನು ಅಂದವಾಗಿ ಕಟ್ಟುವುದನ್ನು ಮಾತ್ರ. ತಲುಪುವ ವಿಚಾರ ತಲೆಗೆ ಹೋಗಿರಲಿಲ್ಲ.

ಹೇಗೆ ಕಲಿಸುತ್ತಿದ್ದೆ ಹೇಳುತ್ತೇನೆ. ಇಡೀ ಪಾಠದ ಗುರಿ ಒಂದೇ ಪ್ರಶ್ನೆ: “ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್.” ಸಂದರ್ಶನದಲ್ಲಿ ಇದನ್ನೇ ಕೇಳುತ್ತಾರೆ, ಆದ್ದರಿಂದ ಇದಕ್ಕೆ ಹತ್ತು ವಾಕ್ಯದ ಉತ್ತರ ಬಾಯಿಪಾಠ. ಹೆಸರು, ಊರು, ತಂದೆಯ ಕೆಲಸ, ಓದು, ಕೊನೆಗೆ “ಮೈ ಸ್ಟ್ರೆಂಗ್ತ್ ಈಸ್ ಹಾರ್ಡ್ ವರ್ಕ್.” ಮೂವತ್ತು ಮಕ್ಕಳಿಗೂ ಅದೇ ಸ್ಟ್ರೆಂಗ್ತ್! ಜೊತೆಗೆ ಎರಡು ಕಾಯಿದೆ ಮಾಡಿದ್ದೆ. ಒಂದು, ಕ್ಲಾಸಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ಡಬ್ಬಿಗೆ ಒಂದು ರೂಪಾಯಿ. ಎರಡು, ಪೂರ್ತಿ ವಾಕ್ಯ ಬಂದರೆ ಮಾತ್ರ ಬಾಯಿ ತೆರೆಯುವುದು, ಅರ್ಧಂಬರ್ಧ ಇಂಗ್ಲಿಷ್ ಆಡಿ ನಗೆಪಾಟಲಾಗಬಾರದು. ತರಬೇತಿ ಮುಗಿದಾಗ ಆ ಡಬ್ಬಿಯ ದುಡ್ಡಿನಲ್ಲಿ ಎಲ್ಲರಿಗೂ ಜಿಲೇಬಿ ತರಿಸುತ್ತಿದ್ದೆ. ಮಕ್ಕಳು ಖುಷಿಯಾಗಿದ್ದರು, ನಾನೂ ಖುಷಿಯಾಗಿದ್ದೆ.

ತಾಳವಾಡಿಯಿಂದ ಬಂದ ಒಬ್ಬ ಹುಡುಗಿ ಇದ್ದಳು. ತಾಳವಾಡಿ ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿದೆ, ಆದರೆ ಬೆಟ್ಟದ ಮೇಲಿನ ಆ ಊರುಗಳ ಮನೆಮಾತು ಕನ್ನಡ, ನಮ್ಮ ಚಾಮರಾಜನಗರದ ಕಡೆಯ ಕನ್ನಡ. ಶಾಲೆಯಲ್ಲಿ ತಮಿಳು ಕಲಿತಿದ್ದಳು. ಡಬ್ಬಿಗೆ ಅವಳ ರೂಪಾಯಿ ಒಂದೂ ಬಿದ್ದಿರಲಿಲ್ಲ, ಏಕೆಂದರೆ ಅವಳು ಮಾತೇ ಆಡುತ್ತಿರಲಿಲ್ಲ. ನಾನು ಅದನ್ನು ಶಿಸ್ತು ಎಂದು ತಿಳಿದಿದ್ದೆ.

ತರಬೇತಿಯ ಕೊನೆಯ ಭಾಗದಲ್ಲಿ ಆಸ್ಪತ್ರೆಯೊಂದರಲ್ಲಿ ಅಭ್ಯಾಸ. ಚೆನ್ನೈಯ ಆಸ್ಪತ್ರೆಗಳಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ನಿಮಗೆ ಗೊತ್ತೇ ಇದೆ. ಅವಳಿದ್ದ ವಾರ್ಡಿಗೆ ಕೊಳ್ಳೇಗಾಲದ ಕಡೆಯ ಒಬ್ಬ ಅಜ್ಜಿ ಬಂದಿದ್ದರು. ಮಗ ಔಷಧಿ ತರಲು ಕೆಳಗೆ ಹೋಗಿದ್ದಾಗ ಅಜ್ಜಿ ಈ ಹುಡುಗಿಯನ್ನು ಕರೆದು “ಕಣ್ಗೆ ಕತ್ಲೆ ಕಟ್ತದೆ ಕಣವ್ವ, ತಲೆ ಸುತ್ತದೆ” ಎಂದರಂತೆ. ಹುಡುಗಿಗೆ ಪೂರ್ತಿ ಅರ್ಥವಾಯಿತು. ಅವಳ ಮನೆಯ ಮಾತೇ ಅದು! ಸಿಸ್ಟರಿಗೆ ಹೇಳಬೇಕೆಂದು ಅವರ ಮೇಜಿನ ಹತ್ತಿರ ಹೋದಳು. ಹೋಗಿ ನಿಂತಳು. ಸಿಸ್ಟರು ಏನೋ ಬರೆಯುತ್ತಿದ್ದರು. ಇವಳು ಮನಸ್ಸಿನಲ್ಲಿ ವಾಕ್ಯ ಕಟ್ಟುತ್ತಿದ್ದಳು. ಕಣ್ಣಿಗೆ ‘ಐ’, ಕತ್ತಲೆಗೆ ‘ಡಾರ್ಕ್’, ಕಟ್ಟುವುದಕ್ಕೆ ಏನು? ‘ಟೈ’ ಅನ್ನಬಹುದೆ? ಅಷ್ಟರಲ್ಲಿ ಅಜ್ಜಿ ತಾವೇ ಎದ್ದು ಬಾತ್‌ರೂಮಿಗೆ ಹೊರಟು, ಬಾಗಿಲ ಬಳಿ ಬಿದ್ದು ಮಣಿಕಟ್ಟು ಮುರಿದುಕೊಂಡರು.

ಮರುದಿನ ಹುಡುಗಿ ನನ್ನ ಮುಂದೆ ಕುಳಿತು ಹೇಳಿದ್ದು ಮೂರೇ ಮಾತು. “ನಂಗೆ ಗೊತ್ತಿತ್ತು ಸಾ. ಯೋಳಕ್ಕೆ ಹೋಗಿದ್ದೆ. ಇಂಗ್ಲಿಷ್ ಸಿಕ್ಕಿಲ್ಲ.”

ಆಸ್ಪತ್ರೆಯವರು ಅವಳನ್ನು ಬಯ್ದರು, ಅದು ಸಹಜ. ಅವರು ಬಯ್ಯಬೇಕಾಗಿದ್ದದ್ದು ನನ್ನನ್ನು. ಪೂರ್ತಿ ವಾಕ್ಯ ಬರದೆ ಬಾಯಿ ತೆರೆಯಬೇಡ ಎಂದವನು ನಾನು. ಇನ್ನೂ ಬೇಸರದ ವಿಷಯ ಬೇರೆ ಇದೆ. ಆ ಸಿಸ್ಟರು ತಮಿಳಿನವರು. ಹುಡುಗಿಗೆ ತಮಿಳು ಚೆನ್ನಾಗಿ ಬರುತ್ತದೆ. “ಕಣ್ಣು ಇರುಟ್ಟಿಕ್ಕಿಟ್ಟು ವರುದು, ತಲೈ ಸುತ್ತುದು” ಎಂದಿದ್ದರೆ ಮುಗಿದಿತ್ತು. ಕನ್ನಡದ ಅದೇ ಕತ್ತಲೆ, ಅದೇ ಸುತ್ತು. ಪದಕ್ಕೆ ಪದ ಕೂರುತ್ತದೆ. ಎರಡು ಹೆಜ್ಜೆಯ ದಾರಿ ಇದ್ದಾಗ ಅವಳು ಇಂಗ್ಲಿಷ್ ಎಂಬ ಬೆಟ್ಟ ಹತ್ತಿ ಇಳಿಯಲು ನಿಂತದ್ದೇಕೆ? “ಡ್ಯೂಟೀಲಿ ಇಂಗ್ಲಿಷೇ ಮಾತಾಡ್ಬೇಕು ಅಂತ ನೀವೇ ಹೇಳಿದ್ರಲ್ಲ ಸಾ.”

ಅಂದಿನಿಂದ ಡಬ್ಬಿ ಕಪಾಟಿನ ಮೇಲಿದೆ. ಹಾಗಾದರೆ ಇನ್ನು ಮುಂದೆ ಕಲಿಸುವುದೇನು ಎಂಬ ಪ್ರಶ್ನೆ ಮಾತ್ರ ಕೆಳಗೇ ಉಳಿಯಿತು. ಇಲ್ಲಿ ಸ್ವಲ್ಪ ಹಳೆಯ ಕಥೆಗೆ ಹೋಗಬೇಕು. ಕೆಲಸಕ್ಕೆ ಬೇಕಾದ ಮಾತನ್ನು ಕೆಲಸದ ತರಬೇತಿಯಲ್ಲೇ ಕಲಿಸುವುದು ಇದೇ ಊರಿನಲ್ಲಿ, ಕನ್ನಡವನ್ನೂ ಸೇರಿಸಿಕೊಂಡು, ಇನ್ನೂರು ವರ್ಷಕ್ಕೆ ಹಿಂದೆಯೇ ನಡೆದಿದೆ.

ನುಂಗಂಬಾಕ್ಕಂನ ಕಾಲೇಜು ರಸ್ತೆಯಲ್ಲಿ ನೀವೆಲ್ಲ ಬಸ್ಸಿನಲ್ಲಿ ಹೋಗಿರುತ್ತೀರಿ. ಯಾವ ಕಾಲೇಜಿನಿಂದ ಆ ಹೆಸರು ಬಂತು? ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಅದು 1915ರದು. ರಸ್ತೆಯ ಹೆಸರು ಅದಕ್ಕಿಂತ ಹಳೆಯದು. 1812ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ಎಂಬುದನ್ನು ತೆರೆಯಿತು. ಶಿಕ್ಷಣ ಇಲಾಖೆಯ ಕಚೇರಿಗಳಿರುವ ಡಿ.ಪಿ.ಐ. ಆವರಣ ಆ ಹಳೆಯ ಕಾಲೇಜಿನ ಜಾಗ. ಇಂಗ್ಲೆಂಡಿನಿಂದ ಹಡಗಿಳಿದ ಹದಿನೆಂಟು ಇಪ್ಪತ್ತರ ಹುಡುಗರು ಜಿಲ್ಲೆಗಳಿಗೆ ಅಧಿಕಾರಿಗಳಾಗಿ ಹೋಗುವ ಮುನ್ನ ಇಲ್ಲಿ ದೇಶಭಾಷೆ ಕಲಿಯಬೇಕಿತ್ತು. ತಮಿಳು, ತೆಲುಗು, ಕನ್ನಡ, ಮಲಯಾಳ, ಹಿಂದುಸ್ತಾನಿ ಮುಂತಾದವು. ಪಾಠ ಹೇಳುವವರು ಮುನ್ಷಿಗಳು. ಪರೀಕ್ಷೆ ಪಾಸಾದರೆ ಭತ್ಯೆ ಏರುತ್ತಿತ್ತು. ಕನ್ನಡ ಏಕೆ? ದಕ್ಷಿಣ ಕನ್ನಡ 1799ರಲ್ಲಿ, ಬಳ್ಳಾರಿ 1800ರಲ್ಲಿ ಕಂಪನಿಯ ಕೈಗೆ ಬಂದಿದ್ದವು. ನಮ್ಮ ಅಜ್ಜಿಯ ಕೊಳ್ಳೇಗಾಲವೂ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು.

ಆ ಕಾಲೇಜಿನ ಸುತ್ತ ಹುಟ್ಟಿದ ಪುಸ್ತಕಗಳು ಕನ್ನಡ ವಿದ್ಯಾರ್ಥಿಗಳಿಗೆ ಪರಿಚಿತ. ಮೆಕೆರೆಲ್ ಬರೆದ ಕನ್ನಡ ವ್ಯಾಕರಣ 1820ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ರೀವ್ ಪಾದ್ರಿಯ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ, ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಬಂದವು. ಶ್ರೀರಂಗಪಟ್ಟಣದ ಕೃಷ್ಣಮಾಚಾರ್ಯರು ಅಲ್ಲಿ ಕನ್ನಡ ಪಂಡಿತರಾಗಿದ್ದು 1838ರಲ್ಲಿ ‘ಹೊಸಗನ್ನಡ ನುಡಿಗನ್ನಡಿ’ ಪ್ರಕಟಿಸಿದರು. ವ್ಯಾಕರಣವೆಂದರೆ ಕೇಶಿರಾಜ, ಹಳಗನ್ನಡ ಎಂದು ಪಂಡಿತರು ತಿಳಿದಿದ್ದ ಕಾಲದಲ್ಲಿ ಆಡುವ ಹೊಸಗನ್ನಡಕ್ಕೆ, ಹೊಸಗನ್ನಡದಲ್ಲೇ, ಒಂದು ವ್ಯಾಕರಣ! ಪರೀಕ್ಷೆಗೆ ಇದನ್ನು ‘ಆಧುನಿಕ ವ್ಯಾಕರಣ ಪರಂಪರೆ’ ಎಂಬ ತಲೆಬರಹದಲ್ಲಿ ಓದುತ್ತೇವೆ. ಅದರ ಹಿಂದೆ ಕೆಲಸಕ್ಕೆ ಹೋಗುವ ಹುಡುಗರಿಗೆ ಮಾತು ಕಲಿಸುವ ಅವಸರ ಇತ್ತು ಎಂಬುದು ನಮ್ಮ ನೋಟ್ಸಿನಲ್ಲಿ ಬರುವುದಿಲ್ಲ.

ಕಂಪನಿಯವರು ಕನ್ನಡದ ಮೇಲೆ ಪ್ರೀತಿ ಉಕ್ಕಿ ಕಲಿತರು ಎಂದು ಯಾರೂ ಭಾವಿಸಬೇಕಿಲ್ಲ. ಕಂದಾಯ ವಸೂಲಿಯಾಗಬೇಕು, ಮಧ್ಯದ ದುಭಾಷಿ ಹೇಳಿದ್ದನ್ನೇ ನಂಬಿ ಮೋಸ ಹೋಗಬಾರದು, ಅಷ್ಟೆ. ಆದರೂ ಒಂದು ಸಂಗತಿ ನನ್ನನ್ನು ಬಿಡದೆ ಕಾಡುತ್ತದೆ. ಅಲ್ಲಿ ಮಾತು ಕಲಿಯಬೇಕಾದವನು ಮೇಲಿನವನು. ಅರ್ಜಿ ಹಿಡಿದು ಬಂದ ರೈತ ಇಂಗ್ಲಿಷ್ ಕಲಿತು ಬರಲಿ ಎಂದು ಕಲೆಕ್ಟರ್ ಸಾಹೇಬ ಕೂರುವ ಹಾಗಿರಲಿಲ್ಲ. ರೈತನ ಮಾತು ತಿಳಿಯುವುದು ಸಾಹೇಬನ ಕೆಲಸದ ಭಾಗ. 1854ರಲ್ಲಿ ಕಾಲೇಜು ಮುಚ್ಚಿತು. ಈಗ ನಮ್ಮ ತರಬೇತಿಯಲ್ಲಿ ದಿಕ್ಕು ತಿರುಗಿದೆ. ಕೆಲಸ ಕೊಡುವವನ ಮಾತನ್ನು ಕೆಲಸ ಬೇಡುವವನು ಕಲಿಯುತ್ತಾನೆ. ಕಲಿಯಲಿ, ಬೇಡವೆನ್ನುವುದಿಲ್ಲ. ಆದರೆ ಸಂದರ್ಶನ ಹತ್ತು ನಿಮಿಷದ್ದು, ಕೆಲಸ ಮೂವತ್ತು ವರ್ಷದ್ದು. ಆ ಮೂವತ್ತು ವರ್ಷ ಎದುರಿಗೆ ಕೂರುವವರು ಯಾರು? ಮಂಚದ ಮೇಲಿನ ಅಜ್ಜಿ, ಫ್ಯೂಸ್ ಹೋಗಿದೆ ಎಂದು ಕರೆಸಿಕೊಂಡ ಮನೆಯಾಕೆ, ಎರಡು ಇಡ್ಲಿ ಕೇಳುವ ಗಿರಾಕಿ. ಅವರ ಮಾತು ಕೇಳುವುದನ್ನು ನಾವು ಯಾವ ಗಂಟೆಯಲ್ಲಿ ಕಲಿಸುತ್ತೇವೆ?

ಆ ಕಾಲೇಜಿನಿಂದ ನಾನು ಎತ್ತಿಕೊಂಡ ಇನ್ನೊಂದು ವಿಚಾರ ಎಲ್ಲಿಸ್ ಸಾಹೇಬನದು. ದಕ್ಷಿಣದ ಭಾಷೆಗಳು ಒಂದೇ ಕುಟುಂಬದವು, ಸಂಸ್ಕೃತದಿಂದ ಹುಟ್ಟಿದವಲ್ಲ ಎಂದು ಆತ 1816ರಲ್ಲಿ, ಕ್ಯಾಂಬೆಲ್‌ನ ತೆಲುಗು ವ್ಯಾಕರಣಕ್ಕೆ ಸೇರಿಸಿದ ಟಿಪ್ಪಣಿಯಲ್ಲಿ, ಪದಪಟ್ಟಿ ಹಾಕಿ ತೋರಿಸಿದ. ಕಾಲ್ಡ್‌ವೆಲ್ಲನಿಗಿಂತ ನಲವತ್ತು ವರ್ಷ ಮೊದಲು. ಭಾಷಾಶಾಸ್ತ್ರದ ದೊಡ್ಡ ಮಾತು ಇದು, ಸರಿ. ಆದರೆ ಪಾಠ ಹೇಳುವವನಿಗೆ ಇದರಲ್ಲಿ ಒಂದು ಸಣ್ಣ ಲಾಭವಿದೆ: ಒಂದು ಭಾಷೆ ಬಂದರೆ ಇನ್ನೊಂದರ ಅರ್ಧ ಬಂದ ಹಾಗೆ. ನೀವು ನಡುಗನ್ನಡದ ಪಾಠದಲ್ಲಿ ಪಕಾರ ಹಕಾರವಾದದ್ದನ್ನು ಓದಿ ಆಕಳಿಸಿದ್ದೀರಲ್ಲ, ಅದನ್ನೇ ನಾನು ಶುಶ್ರೂಷೆಯ ಹುಡುಗಿಯರಿಗೆ ಕಪ್ಪು ಹಲಗೆಯ ಮೇಲೆ ಬರೆದೆ. ಪಸಿ–ಹಸಿವು, ಪುಣ್–ಹುಣ್ಣು, ಪಲ್–ಹಲ್ಲು, ಪಾಲ್–ಹಾಲು. ಆಮೇಲೆ ವಕಾರ ಬಕಾರ: ವಾಯ್–ಬಾಯಿ, ವಿರಲ್–ಬೆರಳು. ತಮಿಳಿನ ಮಕ್ಕಳು ಐದೇ ನಿಮಿಷದಲ್ಲಿ ತಾವೇ ಕನ್ನಡ ಪದ ತಯಾರಿಸತೊಡಗಿದರು! ಎಲ್ಲವೂ ಸರಿ ಬರಲಿಲ್ಲ. ಕಿವಿಗೆ ಗ್ರಂಥದ ತಮಿಳಿನಲ್ಲಿ ‘ಸೆವಿ’ ಎಂಬ ಬಂಧುವಿದೆ, ಬೀದಿಯಲ್ಲಿ ಎಲ್ಲರೂ ‘ಕಾದು’ ಎನ್ನುತ್ತಾರೆ.

ಹುಷಾರಾಗಿರಬೇಕಾದ ಜಾಗಗಳನ್ನೂ ಬರೆದೆ. ತಮಿಳಿನ ‘ವಯಿರು’ ಎಂದರೆ ಹೊಟ್ಟೆ. ಅದರ ಕನ್ನಡ ಬಂಧು ‘ಬಸಿರು’. ಹಳಗನ್ನಡದಲ್ಲಿ ಬಸಿರೆಂದರೆ ಹೊಟ್ಟೆಯೂ ಹೌದು, ಈಗ ಗರ್ಭ ಮಾತ್ರ. ಸೂತ್ರ ಹಿಡಿದು ಕನ್ನಡ ಅಜ್ಜಿಗೆ “ಬಸಿರು ನೋವಾ?” ಎಂದು ಕೇಳಿದರೆ ಏನಾಗಬಹುದು ನೋಡಿ. ಹಾಗೆಯೇ ನಮ್ಮ ‘ನೋವು’ ಅವರ ‘ವಲಿ’, ಅವರ ‘ನೋಯ್’ ಎಂದರೆ ಕಾಯಿಲೆ. ಕ್ಲಾಸು ನಕ್ಕಿತು. ತಾಳವಾಡಿಯ ಹುಡುಗಿ ಆ ದಿನ ಎದ್ದು ಬಂದು ಹಲಗೆಯ ಮೇಲೆ ತಾನೇ ಒಂದು ಸಾಲು ಬರೆದಳು. ಬೆವರು–ವಿಯರ್ವೈ. ನನಗೆ ಹೊಳೆದಿರಲಿಲ್ಲ.

ಇಷ್ಟರಿಂದ ಕೆಲಸ ಮುಗಿಯಲಿಲ್ಲ. ಭಾಷೆ ಬಂದರೂ ಮಾತು ತಲುಪದೆ ಹೋಗಬಹುದು. ಇದಕ್ಕೆ ನಾನು ಮಕ್ಕಳಿಗೆ ಒಂದು ವಿಮಾನದ ಕಥೆ ಹೇಳುತ್ತೇನೆ. 1990ರ ಜನವರಿ 25ರಂದು ಕೊಲಂಬಿಯಾ ದೇಶದ ಆವಿಯಾಂಕಾ ಕಂಪನಿಯ ವಿಮಾನವೊಂದು ನ್ಯೂಯಾರ್ಕಿಗೆ ಬರುತ್ತಿತ್ತು. ಹವೆ ಕೆಟ್ಟಿದ್ದರಿಂದ ಇಳಿಯಲು ಬಿಡದೆ ಒಂದು ಗಂಟೆಗೂ ಮೀರಿ ಆಕಾಶದಲ್ಲೇ ಸುತ್ತಿಸಿದರು. ಇಂಧನ ಮುಗಿಯುತ್ತ ಬಂತು. ಕ್ಯಾಪ್ಟನ್ ತನ್ನ ಸ್ಪ್ಯಾನಿಷ್‌ನಲ್ಲಿ ಜೊತೆಯ ಪೈಲಟನಿಗೆ, ನಾವು ಎಮರ್ಜೆನ್ಸಿಯಲ್ಲಿದ್ದೇವೆ ಎಂದು ಅವರಿಗೆ ಹೇಳು ಎಂದ. ಜೊತೆಯವನಿಗೆ ಇಂಗ್ಲಿಷ್ ಬರುತ್ತಿತ್ತು. ಅವನು ಕೆಳಗಿನವರಿಗೆ ಇಂಧನ ಮುಗಿಯುತ್ತಿದೆ ಎಂದು ಹೇಳಿದ. ‘ಎಮರ್ಜೆನ್ಸಿ’ ಎಂಬ ಪದವನ್ನು ಮಾತ್ರ ಹೇಳಲಿಲ್ಲ. ಕೆಳಗಿದ್ದವರಿಗೆ ಅದು ದಿನವೂ ಕೇಳುವ ಹತ್ತಾರು ಮಾತುಗಳಲ್ಲಿ ಒಂದಾಯಿತು. ವಿಮಾನ ಲಾಂಗ್ ಐಲೆಂಡಿನಲ್ಲಿ ಬಿತ್ತು. 158 ಜನರಲ್ಲಿ 73 ಜನ ಸತ್ತರು.

ಇಲ್ಲಿ ವ್ಯಾಕರಣ ತಪ್ಪಿರಲಿಲ್ಲ, ಉಚ್ಚಾರಣೆಯೂ ಕಾರಣವಲ್ಲ. ಬೇಕಾದ ಒಂದು ಪದ ಬೇಕಾದ ಹೊತ್ತಿಗೆ ಹೊರಡಲಿಲ್ಲ. ಹೇಳಿದ್ದು ಆ ಕಡೆ ಹೇಗೆ ಕೇಳಿಸಿತು ಎಂದು ಯಾರೂ ಖಾತ್ರಿ ಮಾಡಿಕೊಳ್ಳಲಿಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಮುಂದೆ, 2003ರಲ್ಲಿ, ಪೈಲಟ್‌ಗಳಿಗೂ ನಿಯಂತ್ರಕರಿಗೂ ಭಾಷಾಸಾಮರ್ಥ್ಯದ ಮಟ್ಟಗಳನ್ನು ನಿಗದಿ ಮಾಡಿತು. ಕೆಳಗಿನಿಂದ ಬಂದ ಆದೇಶವನ್ನು ಪೈಲಟ್ ತಿರುಗಿ ಒಪ್ಪಿಸಬೇಕು, ಅದು ಸರಿಯಿದೆಯೇ ಎಂದು ನಿಯಂತ್ರಕ ಕಿವಿಗೊಡಬೇಕು ಎಂಬ ಪದ್ಧತಿಯಂತೂ ಆ ಲೋಕದಲ್ಲಿ ರೂಢಿಯದೇ.

ನಾನು ಈ ಕಥೆ ಹೇಳಿ ಮುಗಿಸಿದಾಗ ಕುಂದಾಪುರದ ಹುಡುಗ ಕೈ ಎತ್ತಿದ. “ಸಾರ್, ಇದು ನಮ್ಮ ಹೋಟ್ಲಲ್ಲಿ ಆಗ್ಳಿಂದ್ಲೂ ಇತ್ತಲ್ದಾ?” ಅವನು ಮಾವನ ಹೋಟೆಲಿನಲ್ಲಿ ರಜೆಯಲ್ಲಿ ಕೆಲಸ ಮಾಡಿದವನು. ಸಪ್ಲೈಯರ್ ಅಡುಗೆಮನೆಯ ಬಾಗಿಲಲ್ಲಿ ನಿಂತು “ಎರಡು ಸಾದಾ, ಒಂದು ಮಸಾಲೆ, ಈರುಳ್ಳಿ ಇಲ್ದೆ” ಎಂದು ಕೂಗುತ್ತಾನೆ. ಒಳಗಿನ ಭಟ್ಟರು ಕಾವಲಿಯಿಂದ ತಲೆ ಎತ್ತದೆ “ಎರಡು ಸಾದಾ, ಒಂದು ಮಸಾಲೆ, ಈರುಳ್ಳಿ ಇಲ್ಲ” ಎಂದು ತಿರುಗಿ ಹೇಳುತ್ತಾರೆ. ಹೇಳದಿದ್ದರೆ ಸಪ್ಲೈಯರ್ ಬಾಗಿಲು ಬಿಟ್ಟು ಕದಲುವಂತಿಲ್ಲ. ಹೌದಲ್ಲ! ಮದರಾಸಿಗೆ ಉಡುಪಿಯ ಕಡೆಯವರು ಬಂದು ಹೋಟೆಲು ಕಟ್ಟಿದ ಇತಿಹಾಸವನ್ನು ನಾವು ಸಾಂಬಾರಿನ ರುಚಿಯಲ್ಲೇ ಮುಗಿಸಿಬಿಡುತ್ತೇವೆ. ಕಿವಿಯ ಶಿಸ್ತೂ ಅಲ್ಲಿತ್ತು ಎಂದು ನನಗೆ ಹೇಳಿಕೊಟ್ಟವನು ಹದಿನೆಂಟರ ಹುಡುಗ. ಅಂದಿನಿಂದ ನಮ್ಮ ಕ್ಲಾಸಿನಲ್ಲಿ ಇದರ ಹೆಸರು ‘ಭಟ್ಟರ ಪಾಠ’.

ಭಟ್ಟರ ಪಾಠವನ್ನು ಹೇಗೆ ಮಾಡುತ್ತೇವೆ ಎಂದರೆ: ಒಬ್ಬರು ಒಂದು ಸೂಚನೆ ಕೊಡಬೇಕು. ಉದಾಹರಣೆಗೆ, ಆರನೇ ಮಂಚದವರಿಗೆ ನೀರು ಕೊಡಬೇಡಿ, ಹತ್ತು ಗಂಟೆಗೆ ಆಪರೇಷನ್ ಇದೆ. ಕೇಳಿದವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಹೇಳಿದವರು ಸರಿ ಎನ್ನುವವರೆಗೆ ಜಾಗ ಬಿಡುವಂತಿಲ್ಲ. ಯಾವ ಭಾಷೆಯಾದರೂ ಆಗಬಹುದು, ಬೆರಕೆಯೂ ಆಗಬಹುದು. ಕೇಳಲು ಬಹಳ ಸುಲಭ, ಮಾಡಿ ನೋಡಿ. ಮೊದಲ ದಿನ ಮೂವತ್ತು ಜನರಲ್ಲಿ ‘ಬೇಡಿ’ಯನ್ನು ‘ಕೊಡಿ’ ಮಾಡಿದವರು ನಾಲ್ಕು ಜನ. ಗಂಟೆಯನ್ನು ಮರೆತವರನ್ನು ನಾನು ಎಣಿಸಲಿಲ್ಲ.

ಇದರೊಡನೆ ಒಂದು ಪ್ರಶ್ನೆಯನ್ನು ನಿಷೇಧಿಸಿದ್ದೇನೆ: “ಗೊತ್ತಾಯ್ತಾ?” ನಮ್ಮ ಮೇಷ್ಟ್ರುಗಳ ಮುದ್ದಿನ ಪ್ರಶ್ನೆ ಇದು. ನಮ್ಮ ದೇಶದಲ್ಲಿ ಇದಕ್ಕೆ “ಇಲ್ಲ” ಎಂದು ಉತ್ತರ ಕೊಟ್ಟವರಿಲ್ಲ. ತಲೆ ಅಲ್ಲಾಡುತ್ತದೆ, ಅಷ್ಟೆ. ಡಿಸ್ಚಾರ್ಜ್ ಆಗುವ ರೋಗಿಗೆ “ಮಾತ್ರೆ ವಿಷಯ ಗೊತ್ತಾಯ್ತಾ ಅಜ್ಜಿ?” ಎಂದರೆ ಅಜ್ಜಿ “ಹ್ಞೂಂ ಕಣಪ್ಪ” ಎನ್ನುತ್ತಾರೆ. “ರಾತ್ರಿ ಯಾವ ಮಾತ್ರೆ ತಗೋತೀರಿ, ತೋರ್ಸಿ ನೋಡೋಣ” ಎಂದು ಕೇಳಿದಾಗ ನಿಜ ಹೊರಬೀಳುತ್ತದೆ. ಆಗಲೂ ಅಜ್ಜಿಗೆ ಪರೀಕ್ಷೆ ಕೊಟ್ಟ ಹಾಗೆ ಆಗಬಾರದು. “ನಾನು ಸರಿಯಾಗಿ ಹೇಳಿದ್ನೋ ಇಲ್ವೋ ನೋಡ್ಕೋತೀನಿ, ಒಂದ್ಸಲ ಹೇಳಿ” ಎಂದರೆ ತಪ್ಪಿನ ಭಾರ ನಮ್ಮ ಮೇಲಿರುತ್ತದೆ.

ಎಲೆಕ್ಟ್ರಿಷಿಯನ್ ಹುಡುಗರಿಗೆ ಬೇರೆ ಆಟ. ಇಬ್ಬರು ಬೆನ್ನಿಗೆ ಬೆನ್ನು ಹಾಕಿ ಕೂರುತ್ತಾರೆ. ಒಬ್ಬನ ಕೈಯಲ್ಲಿ ಸ್ವಿಚ್‌ಬೋರ್ಡಿನ ಚಿತ್ರ, ಇನ್ನೊಬ್ಬನ ಕೈಯಲ್ಲಿ ಖಾಲಿ ಹಾಳೆ. ಇವನು ಹೇಳಿದ್ದನ್ನು ಅವನು ಬರೆಯಬೇಕು. “ಇಲ್ಲೊಂದು, ಅದರ ಪಕ್ಕ ಇನ್ನೊಂದು” ಎಂದು ಶುರು ಮಾಡುತ್ತಾರೆ. ‘ಇಲ್ಲಿ’ ಎಂದರೆ ಎಲ್ಲಿ? ನಾವು ಅರ್ಧ ಮಾತನ್ನು ಕೈಬೆರಳಲ್ಲೇ ಆಡುತ್ತೇವೆ ಎಂದು ಆಗ ಗೊತ್ತಾಗುತ್ತದೆ. ಫೋನಿನಲ್ಲಿ ದಾರಿ ಹೇಳುವವರೆಲ್ಲ ಈ ಆಟ ಆಡಬೇಕು. ಅರ್ಜಿ ಬರೆಯುವ ಪಾಠದ ಬಗ್ಗೆ ಹೆಚ್ಚು ಹೇಳುವುದಿಲ್ಲ: ಬೇಕಾದ್ದನ್ನು ಮೊದಲನೆಯ ಸಾಲಿನಲ್ಲಿ ಕೇಳಿ, ವಿನಯವನ್ನು ಆಮೇಲೆ ಇಟ್ಟುಕೊಳ್ಳಿ.

ಸಿಸ್ಟರ ಮೇಜಿನ ಮುಂದೆ ನಿಂತಾಗ ಏನು ಹೇಳುವುದು? ಇದಕ್ಕೆ ಆಸ್ಪತ್ರೆಗಳಲ್ಲಿ ಒಂದು ಪದ್ಧತಿಯಿದೆ. ಅಮೆರಿಕದ ನೌಕಾಪಡೆಯ ಅಣುಶಕ್ತಿ ಸಬ್‌ಮೆರೀನುಗಳಲ್ಲಿ ಹುಟ್ಟಿ, ಕೈಸರ್ ಪರ್ಮನೆಂಟೆ ಎಂಬ ಅಲ್ಲಿನ ವೈದ್ಯಕೀಯ ಸಂಸ್ಥೆಯ ಮೂಲಕ ದವಾಖಾನೆಗಳಿಗೆ ಬಂದದ್ದು. ಇಂಗ್ಲಿಷಿನ ನಾಲ್ಕು ಅಕ್ಷರ ಸೇರಿಸಿ ‘ಎಸ್‌ಬಾರ್’ ಎನ್ನುತ್ತಾರೆ. ನಾನು ಮಕ್ಕಳಿಗೆ ನಾಲ್ಕು ಪ್ರಶ್ನೆಯಾಗಿ ಕೊಟ್ಟಿದ್ದೇನೆ. ಈಗ ಏನಾಗ್ತಿದೆ? ಮುಂಚೆ ಏನಿತ್ತು? ನೀನು ಏನು ನೋಡಿದೆ? ಅವರು ಏನು ಮಾಡಬೇಕು? ಮೂರನೆಯದರಲ್ಲಿ ಮೂಲದವರು ‘ನಿನಗೆ ಏನನ್ನಿಸುತ್ತದೆ’ ಎಂದು ಕೇಳುತ್ತಾರೆ. ನಮ್ಮ ಮಕ್ಕಳು ಡಾಕ್ಟರಲ್ಲ, ಆದ್ದರಿಂದ ಕಣ್ಣಾರೆ ನೋಡಿದ್ದು, ಕಿವಿಯಾರೆ ಕೇಳಿದ್ದು ಸಾಕು. ನಾಲ್ಕನೆಯದೇ ಎಲ್ಲರಿಗೂ ಕಷ್ಟ. ಹದಿನೆಂಟರ ಹುಡುಗಿ ಸಿಸ್ಟರಿಗೆ “ನೀವು ಈಗ್ಲೇ ಬಂದು ನೋಡ್ಬೇಕು” ಎಂದು ಹೇಳುವುದುಂಟೆ? ದೊಡ್ಡವರಿಗೆ ಎದುರು ಮಾತಾಡಬೇಡ ಎಂದು ಬೆಳೆಸಿದ ಮಕ್ಕಳಿಗೆ ಇದು ಭಾಷೆಯ ತೊಂದರೆಯೇ ಅಲ್ಲ. ನಾನು ಸಿಸ್ಟರ ಪಾತ್ರ ಮಾಡಿ, ತಲೆ ತಗ್ಗಿಸಿ ಏನೋ ಬರೆಯುತ್ತ ಕೂರುತ್ತೇನೆ. ಕಾಯದೆ, ಕರೆಯದೆ, “ಸಿಸ್ಟರ್, ಒಂದ್ನಿಮಿಷ, ಅರ್ಜೆಂಟು” ಎಂದು ಶುರು ಮಾಡಬೇಕು. ಕೆಲವರಿಗೆ ಈ ಮೂರು ಪದಕ್ಕೆ ಮೂರು ವಾರ ಹಿಡಿಯುತ್ತದೆ. ಮೊದಲ ಪದ ಬಾಯಿಂದ ಬಿದ್ದಾಗ ಉಳಿದವರು ಚಪ್ಪಾಳೆ ತಟ್ಟುತ್ತಾರೆ.

ಕನ್ನಡಿಗರ ಮಾತಿನ ಜಾಣ್ಮೆಯ ಬಗ್ಗೆ ಕವಿರಾಜಮಾರ್ಗದಲ್ಲಿ ಒಂದು ಪದ್ಯ ಬರುತ್ತದಲ್ಲ, ಅದನ್ನು ಇಲ್ಲಿ ಬರೆಯುವುದಿಲ್ಲ. ನಿಮಗೆಲ್ಲ ಬಾಯಿಪಾಠ ಇದೆ, ಭಾಷಣಕ್ಕೆ ಬೇಕಾದಾಗ ಹೊರಗೆ ಬರುತ್ತದೆ. ನಾನು ಇಪ್ಪತ್ತು ವರ್ಷ ಅದರ ಮೊದಲ ಅರ್ಧವನ್ನು ಮಾತ್ರ ಕೇಳಿಸಿಕೊಂಡಿದ್ದೆ: ಹದವರಿತು ಮಾತಾಡಬಲ್ಲವರು. ಇನ್ನೊಂದು ಅರ್ಧದಲ್ಲಿ, ಬೇರೆಯವರು ಆಡಿದ್ದನ್ನು ಅರಿತು ಯೋಚಿಸಬಲ್ಲವರು ಎಂಬ ಅರ್ಥ ಬರುತ್ತದೆ. ಒಂಬತ್ತನೆಯ ಶತಮಾನದಲ್ಲಿ ಪಠ್ಯಕ್ರಮದ ಎರಡೂ ಭಾಗ ಬರೆದಿಟ್ಟಿದ್ದರು, ನಾನು ಒಂದನ್ನೇ ಪಾಠ ಮಾಡುತ್ತಿದ್ದೆ.

ಸಂದರ್ಶನದ ಪಾಠ ಬಿಟ್ಟೆನೇ ಎಂದು ಕೇಳಬಹುದು. ಬಿಡುವ ಹಾಗಿಲ್ಲ. ಮಕ್ಕಳ ಅಪ್ಪ ಅಮ್ಮ ಸಾಲ ಮಾಡಿ ಕಳಿಸಿರುತ್ತಾರೆ, ಕೆಲಸ ಸಿಗಬೇಕು, ಆ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. ಆದರೆ ಹತ್ತು ವಾಕ್ಯದ ಬಾಯಿಪಾಠ ಹೋಗಿದೆ. ನೀನು ಮಾಡಿದ ಒಂದು ಕೆಲಸ ಹೇಳು, ಬರುವಷ್ಟು ಇಂಗ್ಲಿಷಿನಲ್ಲಿ ಹೇಳು, ಬಾರದ ಕಡೆ ತಮಿಳು ಹಾಕು ಎನ್ನುತ್ತೇನೆ. ತಾಳವಾಡಿಯ ಹುಡುಗಿ ತನ್ನ ಸಂದರ್ಶನದಲ್ಲಿ, ನಾನು ಹೇಳಿಕೊಡದಿದ್ದರೂ, ಅಜ್ಜಿ ಬಿದ್ದ ಸಂಗತಿಯನ್ನೇ ಹೇಳಿದಳಂತೆ. ತಾನು ತಡ ಮಾಡಿದ್ದು, ಈಗ ತಡ ಮಾಡದಿರುವುದು. ಅರ್ಧ ಇಂಗ್ಲಿಷು, ಅರ್ಧ ತಮಿಳು. ಕೆಲಸ ಸಿಕ್ಕಿತು. ಅದರಿಂದಲೇ ಸಿಕ್ಕಿತು ಎಂದು ನಾನು ಹೇಳಲಾರೆ. ಆ ವಾರ ಅವರಿಗೆ ಜನ ಬೇಕಾಗಿತ್ತು ಎಂದೂ ಕೇಳಿದ್ದೇನೆ.

ಕೆಲವು ತಿಂಗಳ ಮೇಲೆ ಒಂದು ರಾತ್ರಿ ಅವಳ ಫೋನು ಬಂತು. ವಾರ್ಡಿನಲ್ಲಿ ಗುಲ್ಬರ್ಗದ ಕಡೆಯ ಒಬ್ಬ ಮುದುಕರು. ಅವರ ಕನ್ನಡ ಇವಳಿಗೆ ಹಿಡಿಯುತ್ತಿಲ್ಲ. “ಕನ್ನಡನೇ ಸಾ, ಆದ್ರೂ ಆಗಲ್ಲ. ‘ನಿಂದಿರ್‍ಲಾಕ ಆಗವಲ್ದು’ ಅಂತಾರೆ, ಏನ್ ಸಾ ಅದು?” ನಿಲ್ಲೋಕೆ ಆಗ್ತಿಲ್ಲ ಅಂತ, ಎಂದೆ. “ನಿಲ್ಲಕ್ಕೆ ಆಯ್ತಿಲ್ಲ. ಸರಿ ಸಾ” ಎಂದು ಭಟ್ಟರ ಹಾಗೆ ತಿರುಗಿ ಹೇಳಿ ಫೋನಿಟ್ಟಳು.

ಆದ್ದರಿಂದ ಸಂಘದ ಸದಸ್ಯರಲ್ಲಿ ಒಂದು ವಿನಂತಿ. ಹೊಸ ತಂಡಕ್ಕೆ ಶನಿವಾರ ಮಧ್ಯಾಹ್ನ ಈ ಪಾಠಗಳು ನಡೆಯುತ್ತವೆ. ಮಂಚದ ಮೇಲೆ ಮಲಗಿ ರೋಗಿಯ ಪಾತ್ರ ಮಾಡುವವರು ಬೇಕು. ನಿಮ್ಮ ಅಜ್ಜಿ, ತಾತ ಹೇಗೆ ನರಳುತ್ತಾರೋ ಹಾಗೆ, ಅವರದೇ ಮಾತಿನಲ್ಲಿ, ನರಳಬೇಕು. ಮೈಸೂರು, ಬೆಂಗಳೂರು ಕಡೆಯವರು ಈಗಾಗಲೇ ಇದ್ದಾರೆ. ಧಾರವಾಡ, ಗುಲ್ಬರ್ಗ, ಬೀದರದವರು, ಕಾಸರಗೋಡಿನವರು ಯಾರಾದರೂ ಇದ್ದರೆ ದಯವಿಟ್ಟು ಸಂಪಾದಕರ ಹತ್ತಿರ ಹೆಸರು ಕೊಡಿ. ಸಂಭಾವನೆ ಇಲ್ಲ. ಡಬ್ಬಿಯಲ್ಲಿ ಉಳಿದ ದುಡ್ಡಿಗೆ ಜಿಲೇಬಿ ಬರುತ್ತದೆ.